ಗೋಡೆಯ ಬುಡದಲ್ಲಿ ಅರುಂಧತಿ

ನನ್ನ ಮದುವೆಯಲ್ಲಿ ಅರುಂಧತಿ ನಕ್ಷತ್ರ ತೋರಿಸಪ್ಪ ಎಂದರೆ ನಮ್ಮ ಯಜಮಾನರು ತೆಂಗಿನಕಾಯಿ ತೋರಿಸಿದರು. ನಮ್ಮ ಬಳಗದಲ್ಲಿ ಈ ಮಾತು ಇವತ್ತಿಗೂ ಓಡಾಡುತ್ತದೆ. ಮದುವೆಮನೆಗಳಲ್ಲಿ ಊಟದ ಪಂಕ್ತಿ ತಡವಾದಾಗ, ಆಡಲು ಬೇರೆ ಮಾತು ಸಿಗದಾಗ, ಯಾರಾದರೊಬ್ಬರು ಇದನ್ನು ತೆಗೆಯುತ್ತಾರೆ. ನಾನು ಎದುರಿಗೇ ಕೂತಿದ್ದರೂ ತೆಗೆಯುತ್ತಾರೆ. ನಾನೂ ನಗುತ್ತೇನೆ. ಮೂವತ್ತು ವರ್ಷದಿಂದ ನಕ್ಕು ನಕ್ಕು ರೂಢಿಯಾಗಿದೆ, ಬಾಯಿ ತಾನಾಗಿಯೇ ಅಗಲವಾಗುತ್ತದೆ.

ಮದುವೆ ನಡೆದದ್ದು ಬೇಲೂರಿನಲ್ಲಿ, ನಮ್ಮ ತವರಿನ ಬೀದಿಯ ತುದಿಯಲ್ಲಿದ್ದ ಹಳೆಯ ಛತ್ರದಲ್ಲಿ. ವೈಶಾಖದ ಬಿಸಿಲು. ಮುಹೂರ್ತ ಅಭಿಜಿನ್ ಲಗ್ನದಲ್ಲಿ, ಅಂದರೆ ನಡು ಮಧ್ಯಾಹ್ನಕ್ಕೆ. ಧಾರೆ ಮುಗಿದ ಮೇಲೆ ಗಂಡು ಹೆಣ್ಣಿಗೆ ಅರುಂಧತಿಯನ್ನು ತೋರಿಸುವುದು ನಮ್ಮಲ್ಲಿ ಪದ್ಧತಿ. ಅರುಂಧತಿ ಎಂದರೆ ಸಪ್ತರ್ಷಿಗಳ ಸಾಲಿನಲ್ಲಿ ವಸಿಷ್ಠನ ಪಕ್ಕಕ್ಕೆ ಅಂಟಿಕೊಂಡಂತಿರುವ ಪುಟ್ಟ ಚುಕ್ಕಿ. ಕತ್ತಲಲ್ಲೇ ಕಣ್ಣು ಕಿರಿದು ಮಾಡಿ ಹುಡುಕಬೇಕಾದ ಅದನ್ನು ನಮ್ಮ ಜನ ಹಾಡಹಗಲೇ ತೋರಿಸುತ್ತಾರೆ. ಗಂಡು ಬೆರಳೆತ್ತಿ ಆಕಾಶದ ಯಾವುದೋ ಮೂಲೆ ತೋರಿಸುತ್ತಾನೆ. ಪುರೋಹಿತರು "ಕಾಣಿಸ್ತೇನಮ್ಮಾ?" ಎನ್ನುತ್ತಾರೆ. ಹೆಣ್ಣು "ಕಾಣಿಸ್ತು" ಎನ್ನುತ್ತಾಳೆ. ಅಲ್ಲಿಗೆ ಆ ಶಾಸ್ತ್ರ ಮುಗಿಯಿತು. ಯಾರೂ ನಂಬುವುದಿಲ್ಲ, ಯಾರೂ ತಪ್ಪಿಸುವುದಿಲ್ಲ.

ನಮ್ಮ ಸರದಿ ಬಂದಾಗ ಅಂಗಳದಲ್ಲಿ ಕಾಲಿಡಲಾಗದ ಬಿಸಿಲು, ಒಳಗಿಂದಲೇ ತೋರಿಸಿಬಿಡಿ ಎಂದರು. ಪೂರ್ವಕ್ಕೆ ಮುಖ ಮಾಡಿ ನಿಂತಿದ್ದೆವು. ನಮ್ಮವರು ಹೆಂಚಿನ ಮಾಡಿನ ಕಡೆ ತಲೆ ಎತ್ತಲೇ ಇಲ್ಲ. ನನ್ನ ಬಲಗೈ ಹಿಡಿದು, ಎಡಕ್ಕೆ ತಿರುಗಿ, ಉತ್ತರದ ಗೋಡೆಯ ಬುಡಕ್ಕೆ ಓರೆಯಾಗಿ ಕೈಚಾಚಿದರು. ಅಲ್ಲಿ ತಾಂಬೂಲಕ್ಕೆಂದು ಅರಸೀಕೆರೆಯಿಂದ ತರಿಸಿದ ತೆಂಗಿನಕಾಯಿಗಳ ಗುಡ್ಡೆ ಬಿದ್ದಿತ್ತು.

"ಅಲ್ಲೈತೆ," ಎಂದರು.

ಛತ್ರಕ್ಕೆ ಛತ್ರವೇ ನಕ್ಕಿತು. ಪುರೋಹಿತರು, "ಮೇಲೆ ತೋರ್ಸಪ್ಪಾ, ಮೇಲೆ. ಕಾಯಿ ಆಮೇಲೆ ಎಣಿಸೋವಂತೆ," ಎಂದರು. ನಗು ಇನ್ನೂ ಜೋರಾಯಿತು. ಇವರು ಕೈ ಇಳಿಸಲೂ ಇಲ್ಲ, ಏರಿಸಲೂ ಇಲ್ಲ. "ಇಲ್ಲ ಸ್ವಾಮಿ, ಅಲ್ಲೇ ಐತೆ," ಎಂದು ಇನ್ನೊಮ್ಮೆ ಹೇಳಿದರು. ಪುರೋಹಿತರು ನನ್ನ ಕಡೆ ತಿರುಗಿ ಕಾಣಿಸಿತೇ ಎಂದು ಕೇಳಿದರು. ಹಿಂದಿನಿಂದ ನಮ್ಮ ಅತ್ತೆಯೊಬ್ಬಳು ಚಿವುಟಿದಳು. ನಾನು ಬಾಯಿ ಬಿಡಲಿಲ್ಲ. ತೆಂಗಿನಕಾಯಿ ನೋಡಿ ನಕ್ಷತ್ರ ಕಂಡಿತು ಎನ್ನಲು ನನಗೇನು ತಲೆ ಕೆಟ್ಟಿತ್ತೇ? ಆಯ್ತು ಆಯ್ತು ಎಂದು ಪುರೋಹಿತರೇ ಮುಂದಿನ ಮಂತ್ರಕ್ಕೆ ಹೋದರು.

ಬೇರೆ ದಿನವಾಗಿದ್ದರೆ ನಾನೂ ಎಲ್ಲರ ಜೊತೆ ನಗುತ್ತಿದ್ದೆನೇನೋ. ಆದರೆ ಅವತ್ತು ಬೆಳಿಗ್ಗೆ, ಜಡೆಗೆ ಹೂ ಸುತ್ತಿಸಿಕೊಳ್ಳುತ್ತಾ ಕೂತಿದ್ದಾಗ, ಗಂಡಿನ ಕಡೆಯ ಹೆಂಗಸೊಬ್ಬಳು ಬಾಗಿಲಾಚೆ ಆಡಿದ ಮಾತು ಕಿವಿಗೆ ಬಿದ್ದಿತ್ತು: "ಹುಡುಗ್ನಿಗೆ ಇಷ್ಟ ಐತೋ ಇಲ್ವೋ ಯಾರಿಗ್ ಗೊತ್ತು ಕಣೇ. ಎರಡು ಸತಿ ಕೇಳಿದ್ರೂ ಬಾಯೇ ಬಿಡ್ಲಿಲ್ಲ." ಆ ಮಾತು ಮತ್ತು ಈ ತೆಂಗಿನಕಾಯಿ ಎರಡೂ ನನ್ನೊಳಗೆ ಸೇರಿ ಗಟ್ಟಿಯಾದವು. ಮನಸ್ಸಿಲ್ಲದ ಮದುವೆ, ಅದಕ್ಕೇ ಶಾಸ್ತ್ರವನ್ನು ಹೀಗೆ ಗೇಲಿ ಮಾಡಿದರು, ಶಾಸ್ತ್ರದ ಜೊತೆ ನನ್ನನ್ನೂ. ಹೀಗೆಂದುಕೊಂಡೇ ನಾನು ಸಂಸಾರ ಶುರು ಮಾಡಿದೆ.

ಸಂಸಾರ ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಅವರು ಟಿಕೆಟ್ ಕೌಂಟರಿನ ಗುಮಾಸ್ತರು. ಊರು ಜಾವಗಲ್ ಕಡೆಯ ಹಳ್ಳಿ, ಚಿಕ್ಕವರಿದ್ದಾಗ ಅಪ್ಪನ ಜೊತೆ ಹೊಲ ಕಾಯಲು ಮಲಗುತ್ತಿದ್ದವರು. ಮಾತಿನಲ್ಲಿ ಐತೆ, ಬತ್ತೀನಿ ಕೊನೆಯವರೆಗೂ ಉಳಿಯಿತು. ಬೇಲೂರಿನ ಪೇಟೆ ಬೀದಿಯವಳಾದ ನಾನು ಅದನ್ನು ಆಡಿಕೊಳ್ಳುತ್ತಿದ್ದೆ. ನನಗೆ ಬಾಣಾವರದ ಶಾಲೆಯಲ್ಲಿ ಸಮಾಜ ಪಾಠ ಹೇಳುವ ಕೆಲಸ, ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುತ್ತಿದ್ದೆ. ಮಕ್ಕಳಾಗಲಿಲ್ಲ. ಅವರು ಹೊಡೆದವರಲ್ಲ, ಬೈದವರಲ್ಲ, ಸಂಬಳ ತಂದು ದೇವರ ಮುಂದಿಟ್ಟು ಸುಮ್ಮನಾಗುವವರು. ಒಂದೇ ಪ್ಲಾಟ್‌ಫಾರಂನಲ್ಲಿ ಬೇರೆ ಬೇರೆ ರೈಲಿಗೆ ಕಾಯುವವರ ಹಾಗೆ ಇದ್ದೆವು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಬೇಸಿಗೆಯ ಸಂಜೆಗಳಲ್ಲಿ ಅವರು ಹಿತ್ತಲಿನ ಮೆಟ್ಟಿಲ ಮೇಲೆ ಉತ್ತರಕ್ಕೆ ಮುಖ ಮಾಡಿ ಕೂತುಬಿಡುತ್ತಿದ್ದರು. ಚಳಿಗಾಲದಲ್ಲಿ ಕೂರುತ್ತಿರಲಿಲ್ಲ. ಗಾಳಿಗೆ ಕೂತಿದ್ದಾರೆ ಎಂದುಕೊಂಡು ನಾನು ಒಳಗೆ ಒಗ್ಗರಣೆ ಹಾಕುತ್ತಿದ್ದೆ.

ತೆಂಗಿನಕಾಯಿಯ ವಿಷಯವನ್ನು ನಾಲ್ಕು ಜನರ ಮುಂದೆ ನಾನೇ ಎತ್ತಿ ಕೆಣಕುತ್ತಿದ್ದೆ. ಅವರು ಮೀಸೆಯಲ್ಲೇ ನಗುತ್ತಿದ್ದರು. ಇಬ್ಬರೇ ಇದ್ದಾಗ ಎಂದೂ ಕೇಳಲಿಲ್ಲ. ಹೌದು, ಇಷ್ಟವಿರಲಿಲ್ಲ ಎಂದುಬಿಟ್ಟರೆ ಅದೇ ಮನೆಯಲ್ಲಿ ಮರುದಿನ ಕಾಫಿ ಹೇಗೆ ಮಾಡಿಕೊಡುವುದು?

ಇನ್ನೊಂದು ನೆನಪಿದೆ. ಮದುವೆಯಾದ ಹೊಸತರಲ್ಲಿ ಹಳೇಬೀಡಿಗೆ ಹೋಗಿದ್ದೆವು. ದೇವಸ್ಥಾನ ನೋಡಿದ ಮೇಲೆ ಅವರು ಹತ್ತಿರದ ಹುಲಿಕೆರೆಗೆ ಕರೆದುಕೊಂಡು ಹೋದರು. ಅಲ್ಲಿ ಹೊಯ್ಸಳರ ಕಾಲದ ಮೆಟ್ಟಿಲು ಕೊಳವಿದೆ, ಸುತ್ತಲೂ ಪುಟ್ಟ ಪುಟ್ಟ ಗುಡಿಗಳು. ಅವು ಇಪ್ಪತ್ತೇಳು ನಕ್ಷತ್ರಗಳ ಲೆಕ್ಕಕ್ಕೆ ಕಟ್ಟಿದವು ಎಂದು ಊರವರು ಹೇಳುತ್ತಾರೆ. ಇವರು ಕೊಳವನ್ನು ಒಂದು ಸುತ್ತು ಹಾಕಿ, ಒಂದು ಗುಡಿಯ ಮುಂದೆ ನಿಂತು, "ಇದು ನಿಂದು. ಸ್ವಾತಿ," ಎಂದರು. ಸ್ವಾತಿ ನನ್ನ ಜನ್ಮನಕ್ಷತ್ರ. ನಾನು ಮೇಡಂ ಧಾಟಿಯಲ್ಲೇ ಕೇಳಿದೆ: "ಎಲ್ಲಿಂದ ಎಣಿಸಿದ್ರಿ? ಮೊದಲ್ನೇದು ಯಾವುದು ಅಂತ ಯಾರಿಗೆ ಗೊತ್ತು?"

"ನಿಂದ್ರಿಂದ್ಲೇ ಶುರು ಮಾಡ್ದೆ," ಎಂದರು.

ಉತ್ತರ ಗೊತ್ತಿಲ್ಲದ ಹುಡುಗರು ಹೀಗೇ ಏನಾದರೊಂದು ಹೇಳುತ್ತಾರೆ. ಅದನ್ನೂ ಗೇಲಿಯ ಲೆಕ್ಕಕ್ಕೇ ಸೇರಿಸಿದೆ.

ಅವರು ಹೋಗಿ ಈಗ ಎರಡು ಮಳೆಗಾಲ ಕಳೆದಿವೆ. ನಾನು ನಿವೃತ್ತಳಾಗಿ ಅದಕ್ಕಿಂತ ಸ್ವಲ್ಪ ಹೆಚ್ಚು. ಒಂಟಿತನದ ಬಗ್ಗೆ ಜನ ದೊಡ್ಡ ದೊಡ್ಡ ಮಾತಾಡುತ್ತಾರೆ, ನನಗೆ ಅದು ಬಂದದ್ದು ಚಿಕ್ಕ ಚಿಕ್ಕ ಕಡೆಯಿಂದ. ಒಂದು ತೆಂಗಿನಕಾಯಿ ಒಡೆದರೆ ಅರ್ಧ ಹೋಳು ಹುಳಿಯಾಗಿ ಹೋಗುತ್ತದೆ. ರೈಲು ತಡವಾಗಿದೆ ಎಂದು ಸ್ಟೇಷನ್ನಿನ ಮೈಕು ಕೂಗಿದರೆ, ಇವತ್ತು ಇವರು ಬರುವುದು ತಡ ಎಂದು ಈಗಲೂ ಒಂದು ಕ್ಷಣ ಅನ್ನಿಸುತ್ತದೆ. ಸಂಜೆಯಾದರೆ ನಾನು ಮಾತಾಡಿ ಎಷ್ಟು ಹೊತ್ತಾಯಿತು ಎಂದು ಯೋಚಿಸಿ, ಗಂಟಲು ಸರಿಯಿದೆಯೇ ನೋಡಲು ಸುಮ್ಮನೆ ಕೆಮ್ಮುತ್ತೇನೆ. ಅಕ್ಕಪಕ್ಕದವರು ಒಳ್ಳೆಯವರು. ಅವರಿಗೂ ಅವರವರ ಧಾರಾವಾಹಿಗಳಿವೆ.

ಹಾಗಾಗಿ ಫೋನಿಗೆ ಅಂಟಿಕೊಂಡೆ. ಈಜಿಪ್ಟಿನ ಪಾಠವನ್ನು ನಾನು ವರ್ಷಗಟ್ಟಲೆ ಮಾಡಿದವಳು: ನೈಲ್ ನದಿ, ಪಿರಮಿಡ್ಡು, ಮಮ್ಮಿ, ಮುಂದಿನ ಪಾಠ. ಒಂದು ಸಂಜೆ ಅದೇ ವಿಷಯದ ಉಪನ್ಯಾಸವೊಂದು ಸಿಕ್ಕಿತು. ಮಾತಾಡುತ್ತಿದ್ದವರು ಕನ್ನಡದವರೇ. ನಾನು ಪಾಠದಲ್ಲಿ ಎಂದೂ ಹೇಳದಿದ್ದ ಸಂಗತಿ ಅದರಲ್ಲಿತ್ತು. ದೊಡ್ಡ ಪಿರಮಿಡ್ಡಿನ ಬದಿಗಳು ಉತ್ತರ ದಕ್ಷಿಣಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ನಿಂತಿವೆಯಂತೆ. ದಿಕ್ಸೂಚಿ ಇಲ್ಲದ ಕಾಲ. ಆಗ ಧ್ರುವದ ಜಾಗದಲ್ಲಿ ಈಗಿನ ಧ್ರುವ ನಕ್ಷತ್ರವೂ ಇರಲಿಲ್ಲ. ಭೂಮಿ ಬುಗುರಿಯಂತೆ ನಿಧಾನಕ್ಕೆ ತಲೆ ತಿರುಗಿಸುವುದರಿಂದ ಸಾವಿರಾರು ವರ್ಷಗಳಲ್ಲಿ ಆ ಜಾಗಕ್ಕೆ ಬೇರೆ ಬೇರೆ ನಕ್ಷತ್ರ ಬರುತ್ತದೆ.

ಮತ್ತೆ ಉತ್ತರವನ್ನು ಹಿಡಿದದ್ದು ಹೇಗೆ? ಧ್ರುವದ ಆಚೆಗೊಂದು ಈಚೆಗೊಂದು ಎರಡು ನಕ್ಷತ್ರ ಸುತ್ತುತ್ತಿದ್ದವು. ತೂಕದ ನೂಲು ಇಳಿಬಿಟ್ಟುಕೊಂಡು ಕಾಯುವುದು. ಒಂದು ನೆತ್ತಿಯ ಕಡೆ, ಒಂದು ಕೆಳಗೆ, ಎರಡೂ ಒಂದೇ ನೂಲಿಗೆ ಬಂದ ಗಳಿಗೆಯಲ್ಲಿ ನೂಲು ನೆಲ ಮುಟ್ಟುವ ಕಡೆಯೇ ಉತ್ತರ. ಹೀಗೆಂದು ಒಬ್ಬ ವಿದ್ವಾಂಸರ ವಾದ. ಎಲ್ಲರೂ ಒಪ್ಪಿಲ್ಲ, ನೆರಳಿನಿಂದಲೇ ಕಂಡುಕೊಂಡರು ಎನ್ನುವವರೂ ಇದ್ದಾರೆ ಎಂದು ಉಪನ್ಯಾಸಕರು ಪ್ರಾಮಾಣಿಕವಾಗಿ ಹೇಳಿದರು. ಆಮೇಲೆ, ಆ ಎರಡರಲ್ಲಿ ಒಂದು ನಮ್ಮ ವಸಿಷ್ಠ, ಪಕ್ಕದಲ್ಲೇ ಅರುಂಧತಿ, ಎಂದರು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

ಉಪನ್ಯಾಸಕರು ಮುಂದುವರಿಸಿದರು. ಆ ಉತ್ತರದ ನಕ್ಷತ್ರಗಳು ಈಜಿಪ್ಟಿನವರಿಗೆ ಬಹಳ ದೊಡ್ಡವು, ಏಕೆಂದರೆ ಅವು ಎಂದೂ ಮುಳುಗುತ್ತಿರಲಿಲ್ಲ. ಅವಕ್ಕೆ ಅಳಿವಿಲ್ಲದವು ಎಂದೇ ಹೆಸರು. ಸತ್ತ ಅರಸ ಹೋಗಿ ಸೇರಬೇಕಾದದ್ದು ಅವುಗಳ ನಡುವೆ. ಪಿರಮಿಡ್ಡಿನ ಉತ್ತರ ಬದಿಯಿಂದ ನೆಲದಾಳಕ್ಕೆ ಓರೆಯಾಗಿ ಇಳಿಯುವ ದಾರಿಯಿದೆ. ಒಳಗಿಂದ ಅದೇ ಗೆರೆ ಹಿಡಿದು ಹೊರಗೆ ನೋಡಿದರೆ ಉತ್ತರದ ಆಕಾಶ. ಈಗಿನವರಿಗೆ ಇದೆಲ್ಲ ಗೊತ್ತಾಗುವುದು ಆಕಾಶವನ್ನು ಕಂಪ್ಯೂಟರಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡುವುದರಿಂದ. ಅಂಥದ್ದು ಫೋನಿನಲ್ಲೂ ಸಿಗುತ್ತದೆ, ನಿಮ್ಮ ಹುಟ್ಟಿದ ದಿನದ ಆಕಾಶವನ್ನೂ ನೋಡಬಹುದು ಎಂದರು.

ನನಗೆ ಹುಟ್ಟಿದ ದಿನ ಬೇಕಿರಲಿಲ್ಲ. ಎಂದೂ ಮುಳುಗುವುದಿಲ್ಲ ಎಂಬ ಮಾತಿಗೇ ಮನಸ್ಸು ನಿಂತಿತ್ತು. ಮುಳುಗುವುದೇ ಇಲ್ಲವೆಂದರೆ ನನ್ನ ಮದುವೆಯ ಮಧ್ಯಾಹ್ನವೂ ಅರುಂಧತಿ ಮೇಲೆಯೇ ಇತ್ತು. ಬಿಸಿಲಲ್ಲಿ ಕಾಣದಿರಬಹುದು, ಇದ್ದದ್ದಂತೂ ಮೇಲೆ. ಹಾಗಾದರೆ ಗೋಡೆಯ ಬುಡ ತೋರಿಸಿದ್ದು ಗೇಲಿಯೇ. ಮೂವತ್ತು ವರ್ಷ ಅನುಮಾನವಾಗಿದ್ದದ್ದಕ್ಕೆ ಈಜಿಪ್ಟಿನಿಂದ ಸಾಕ್ಷಿ ಬಂದಂತಾಯಿತು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟದ ಕೆಲಸ, ಅವರು ಎದುರು ಮಾತಾಡುವುದಿಲ್ಲ. ನಾನು ಫೋಟೋಕ್ಕೆ ಹೂ ಮುಡಿಸುವುದನ್ನು ಬಿಟ್ಟೆ. ಹೂವಿನವಳು ಬಾಗಿಲಲ್ಲಿ ನಿಂತು, "ಯಾಕಮ್ಮಾ, ಹೂವು ಬಾಡಿರ್ತಾವಾ?" ಎಂದು ಕೇಳಿದಳು. ಇಲ್ಲ, ಸದ್ಯಕ್ಕೆ ಬೇಡ ಎಂದೆ.

ಹೀಗೆ ಎಷ್ಟೋ ವಾರ ಕಳೆದವು. ಚಳಿ ಇನ್ನೂ ಬಿಟ್ಟಿರಲಿಲ್ಲ. ಒಂದು ಸಂಜೆ, ಆ ಎಂದೂ ಮುಳುಗದ ಮಹಾತಾಯಿಯ ಮುಖವನ್ನಾದರೂ ನೋಡೋಣ ಎಂದು ಹಿತ್ತಲಿಗೆ ಬಂದು ಅವರು ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತೆ. ದೀಪ ಹಚ್ಚುವ ಹೊತ್ತು ಕಳೆದು ಚುಕ್ಕಿಗಳು ಬಂದವು. ಉತ್ತರದಲ್ಲಿ ಸಪ್ತರ್ಷಿಗಳೇ ಇಲ್ಲ. ಪಕ್ಕದ ಮನೆಯ ತೆಂಗಿನ ಮರದ ನೆತ್ತಿಗಿಂತ ಕೆಳಗೆ ಧ್ರುವ ನಕ್ಷತ್ರವೊಂದು ಮಂಕಾಗಿ ಕೂತಿತ್ತು. ಉಳಿದವರು ಎಲ್ಲಿ ಹೋದರು?

ಆಗ ನನ್ನ ತಲೆಗೆ ಹೊಳೆಯಿತು. ಕಿತ್ತಳೆ ಹಣ್ಣಿಗೆ ಕಡ್ಡಿ ಚುಚ್ಚಿ ಅಕ್ಷಾಂಶದ ಪಾಠ ಮಾಡಿದವಳು ನಾನೇ. ಉತ್ತರಕ್ಕೆ ಹೋದಷ್ಟೂ ಧ್ರುವ ಮೇಲೇರುತ್ತದೆ, ದಕ್ಷಿಣಕ್ಕೆ ಬಂದಷ್ಟೂ ನೆಲಕ್ಕೆ ಇಳಿಯುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆಸಿದವಳೂ ನಾನೇ. ಈಜಿಪ್ಟಿನಲ್ಲಿ ಧ್ರುವ ಎತ್ತರದಲ್ಲಿದೆ, ಪಿರಮಿಡ್ಡಿನ ಕಾಲಕ್ಕೆ ವಸಿಷ್ಠನೂ ಅದಕ್ಕೆ ಹತ್ತಿರವಿದ್ದ, ನೆಲ ತಾಕದೆ ಸುತ್ತು ಮುಗಿಸುತ್ತಿದ್ದ. ನಮ್ಮ ಅರಸೀಕೆರೆ ಬೇಲೂರಿನಲ್ಲಿ ಧ್ರುವವೇ ಮರದ ಗರಿಗೆ ತಾಕುವಷ್ಟು ಕೆಳಗೆ. ಇಲ್ಲಿ ಅರುಂಧತಿ ದಿನಾ ಮುಳುಗುತ್ತಾಳೆ, ದಿನಾ ಏಳುತ್ತಾಳೆ. ಬೇಸಿಗೆ ಸಂಜೆಗೆ ಮೇಲಿರುತ್ತಾಳೆ, ಚಳಿಗಾಲದ ಸಂಜೆಗೆ ಇರುವುದಿಲ್ಲ. ಇವರು ಆ ಮೆಟ್ಟಿಲ ಮೇಲೆ ಕೂರುತ್ತಿದ್ದದ್ದೂ ಬೇಸಿಗೆಯಲ್ಲೇ. ನಾನು ಮೆಟ್ಟಿಲನ್ನು ಕೈಯಿಂದ ಸವರಿದೆ, ಯಾಕೆಂದು ಗೊತ್ತಿಲ್ಲ.

ಆದರೂ ಹೂವು ತರಿಸಲಿಲ್ಲ. ದಿನಾ ಮುಳುಗುತ್ತಾಳೆ ಎಂದ ಮಾತ್ರಕ್ಕೆ ಅವತ್ತಿನ ಮಧ್ಯಾಹ್ನ ಮುಳುಗಿದ್ದಳು ಎಂದಾಗಲಿಲ್ಲ. ಫೋನಿನಲ್ಲಿ ಆಕಾಶ ತೋರಿಸುವ ಆ್ಯಪ್ ಹಾಕಿಕೊಂಡದ್ದಾಗಿತ್ತು. ದಿನ, ಊರು, ಹೊತ್ತು ಕೊಟ್ಟರೆ ಅರೆಗಳಿಗೆಯಲ್ಲಿ ತಿಳಿಯುತ್ತಿತ್ತು. ಎಷ್ಟೋ ಸಲ ತೆರೆದೆ, ಬೇಲೂರು ಎಂದು ಒತ್ತಿದೆ, ಮುಚ್ಚಿದೆ. ಮೇಲಿದ್ದರೆ? ಅನುಮಾನದ ಜೊತೆ ಬದುಕುವುದು ನನಗೆ ಗೊತ್ತು, ಖಾತ್ರಿಯ ಜೊತೆ ಈ ಖಾಲಿ ಮನೆಯಲ್ಲಿ ಇರುವುದು ಹೇಗೆ?

ಅಷ್ಟರಲ್ಲಿ ನನ್ನ ತಮ್ಮನ ಮಗಳ ಮದುವೆ ಗೊತ್ತಾಯಿತು. ಬೇಲೂರಿನಲ್ಲಿ, ಅದೇ ಛತ್ರ, ವೈಶಾಖದಲ್ಲೇ, ಅದೇ ಅಭಿಜಿನ್ ಲಗ್ನ. ನಕ್ಷತ್ರಗಳ ಲೆಕ್ಕದಲ್ಲಿ ಮೂವತ್ತು ವರ್ಷ ಯಾವ ಮೂಲೆಗೂ ಸಾಲದು. ಅದೇ ತಿಂಗಳು, ಅದೇ ಹೊತ್ತು ಎಂದರೆ ಅವತ್ತು ಇದ್ದಲ್ಲೇ ಇವತ್ತೂ ಇರಬೇಕು. ಇವರು ಕೈಚಾಚಿದ ಕಡೆ ಯಾವುದು ಎಂದು ಅಲ್ಲೇ ನಿಂತು ನೋಡಬಹುದು. ಆಕಾಶವನ್ನು ಹಿಂದಕ್ಕೆ ತಿರುಗಿಸುವ ಧೈರ್ಯ ಬಾರದವಳಿಗೆ ಇದು ಒಪ್ಪಿತು.

ಹಿಂದಿನ ದಿನವೇ ಬಸ್ಸು ಹತ್ತಿದೆ. ಜಾವಗಲ್ ದಾಟುವಾಗ ಕಿಟಕಿಯಿಂದ ಅವರ ಹಳ್ಳಿಯ ಕವಲುದಾರಿ ಕಂಡಿತು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಕಡಲೆಕಾಯಿ ಮಾರುವವರು ಹತ್ತಿದರು, ಪಕ್ಕದ ಸೀಟಿನವಳು, "ಒಬ್ರೇನಾ ಹೊಂಟಿದ್ದು?" ಎಂದು ಕೇಳಿದಳು. ಹ್ಞೂ ಎಂದೆ. ಒಬ್ಬಳೇ ಎನ್ನುವುದಕ್ಕೆ ಬಹುವಚನ ಹಚ್ಚಿದರೂ ಅದು ಒಬ್ಬಳೇ. ಹುಲಿಕೆರೆಯ ಬೋರ್ಡು ಕಂಡು ಹಿಂದಕ್ಕೆ ಹೋಯಿತು.

ಛತ್ರ ಗುರುತು ಸಿಗದಷ್ಟು ಬದಲಾಗಿತ್ತು. ಹೆಂಚಿನ ಮಾಡು ಹೋಗಿ ಬಿಳಿಯ ಸೀಲಿಂಗು, ಅದರಲ್ಲಿ ಹೂವಿನಾಕಾರದ ದೀಪಗಳು. ಆದರೆ ಎರಡು ಕಲ್ಲುಕಂಬ ಉಳಿಸಿಕೊಂಡಿದ್ದರು, ಉತ್ತರದ ಗೋಡೆಯೂ ಅದೇ, ಮೇಲೆ ಟೈಲ್ಸು ಮಾತ್ರ ಹೊಸದು. ಆ ಕಂಬಗಳ ನಡುವೆ ನಾವು ನಿಂತಿದ್ದೆವು. ಈಗ ಮಂಟಪ ಇನ್ನೂ ಮುಂದಕ್ಕಿದೆ, ಕಂಬಗಳ ನಡುವೆ ಪ್ಲಾಸ್ಟಿಕ್ ಕುರ್ಚಿಗಳು. ನಾನು ಹೋಗಿ ಅಲ್ಲೊಂದು ಕುರ್ಚಿಯ ಪಕ್ಕ ನಿಂತುಕೊಂಡೆ. ಗೋಡೆಯ ಬುಡದಲ್ಲಿ ಈ ಸಲವೂ ತಾಂಬೂಲದ ಸಾಮಾನು ಇಟ್ಟಿದ್ದರು, ಬಣ್ಣದ ಕೈಚೀಲಗಳಲ್ಲಿ ತುಂಬಿ ಸಾಲಾಗಿ.

ಧಾರೆಯಾಯಿತು. ಪುರೋಹಿತರು ಮೈಕಿನಲ್ಲಿ, "ಈಗ ಅರುಂಧತಿ ದರ್ಶನ, ತೋರಿಸಪ್ಪಾ," ಎಂದರು. ಹುಡುಗ ನಗುತ್ತಾ ಸೀಲಿಂಗಿನ ದೀಪದ ಕಡೆ ಬೆರಳೆತ್ತಿದ. "ಕಾಣಿಸ್ತೇನಮ್ಮಾ?" "ಕಾಣಿಸ್ತು." ಎಲ್ಲರ ಫೋನುಗಳೂ ಮೇಲೆದ್ದವು. ನಾನೂ ನನ್ನದನ್ನು ತೆಗೆದು, ಆಕಾಶದ ಆ್ಯಪ್ ತೆರೆದು, ಮೊದಲು ಅವರೆಲ್ಲ ಹಿಡಿದ ಕಡೆಯೇ ಹಿಡಿದೆ. ಆಕಾಶದಲ್ಲಿ ಸೂರ್ಯನಿದ್ದ, ಇನ್ನೂ ಏನೇನೋ ಇದ್ದವು, ಸಪ್ತರ್ಷಿಗಳ ಬಾಲ ಇರಲಿಲ್ಲ. ಎಡಕ್ಕೆ ತಿರುಗಿದೆ. ಉತ್ತರಕ್ಕೆ ತಂದು ನಿಧಾನವಾಗಿ ಇಳಿಸಿದೆ. ನೆಲದ ಗೆರೆ ಬಂತು. ಅದನ್ನು ದಾಟಿಸಿ ಇನ್ನಷ್ಟು ಇಳಿಸಿದೆ. ಭೂಮಿಯನ್ನು ತೆಳ್ಳಗಿನ ಹಸಿರಾಗಿ ತೋರಿಸಿದ್ದರು, ಅದರೊಳಗಿಂದ ಚುಕ್ಕಿಗಳು ಕಾಣುತ್ತಿದ್ದವು. ಉತ್ತರಕ್ಕಿಂತ ತುಸು ಬಲಕ್ಕೆ, ಗೋಡೆಯ ಬುಡದಲ್ಲಿ, ಕೈಚೀಲಗಳ ಸಾಲಿನ ಹಿಂದೆ ವಸಿಷ್ಠ ಇದ್ದ. ಪಕ್ಕದಲ್ಲಿ ಅವಳೂ ಇದ್ದಳು.

ನನ್ನ ತೋಳು ಓರೆಯಾಗಿ ಕೆಳಕ್ಕೆ ಚಾಚಿತ್ತು. ಆ ಓರೆ ನನಗೆ ಚೆನ್ನಾಗಿ ಗೊತ್ತು, ಅವತ್ತು ನನ್ನ ಬಲಗೈ ಅವರ ಕೈಯಲ್ಲೇ ಇತ್ತು.

ಬಂದ ಅಳುವನ್ನು ಸೆರಗಿನಲ್ಲಿ ಹಿಡಿದುಕೊಂಡೆ. ಮದುವೆಮನೆಯಲ್ಲಿ ಒಂಟಿ ಹೆಂಗಸು ಅತ್ತರೆ ಜನ ಬೇರೇನೋ ಅಂದುಕೊಳ್ಳುತ್ತಾರೆ. ಮೇಲೆ ತೋರಿಸು ಎಂದು ಅಷ್ಟು ಜನ ನಕ್ಕರೂ ಇಲ್ಲದ ಕಡೆ ಬೆರಳು ತೋರಿಸಲು ಅವರು ಒಪ್ಪಿರಲಿಲ್ಲ. ಹೊಲ ಕಾಯುತ್ತಾ ಚುಕ್ಕಿಗಳ ಕೆಳಗೆ ಬೆಳೆದವರು, ಅವು ಮುಳುಗಿ ಎಲ್ಲಿಗೆ ಹೋಗುತ್ತವೆಂದು ಬಲ್ಲವರು. ನನಗೆ ನಿಜವಾದ ಅರುಂಧತಿಯನ್ನೇ ತೋರಿಸಬೇಕಿತ್ತು, ತೋರಿಸಿದರು. ಆ ಛತ್ರದಲ್ಲಿ ಅವತ್ತು ಸುಳ್ಳು ಹೇಳದವರು ನಾವಿಬ್ಬರೇ: ಅವರು ಮತ್ತು ಕಾಣದ್ದನ್ನು ಕಂಡೆ ಎನ್ನದ ನಾನು. ಎಷ್ಟು ಚೆನ್ನಾಗಿ ಹೊಂದುತ್ತಿತ್ತು ನಮ್ಮ ಜೋಡಿ. ಅದನ್ನು ಹೇಳೋಣವೆಂದರೆ ಅವರಿಲ್ಲ.

ತಮ್ಮನ ಹೆಂಡತಿ ಅಕ್ಷತೆಯ ತಟ್ಟೆ ಹಿಡಿದು ಆ ಕಡೆಯಿಂದ ಬಂದವಳು ನನ್ನನ್ನು ನೋಡಿ ನಿಂತಳು.

"ಏನಕ್ಕಾ, ಎಲ್ರೂ ಮೇಲೆ ನೋಡ್ತಿದ್ರೆ ನೀವು ಗೋಡೆ ಬುಡ ನೋಡ್ತಾ ನಿಂತಿದೀರಾ? ಏನಾದ್ರೂ ಬಿದ್ದೋಯ್ತಾ?"

ನಾನು ತೋಳು ಇಳಿಸಲಿಲ್ಲ.

"ಇಲ್ಲ ಕಣೇ," ಎಂದೆ. "ಅಲ್ಲೈತೆ."